ಲಕ್ಕಮ್ಮನ ಅಂಕಿತ ಎಲ್ಲಿ?

ಗುಂಪು: ಅಜ್ಜಿಯ ಮನೆ
ಭಾನುವಾರ

ತಮ್ಮ, ಬೆಳಿಗ್ಗೆ 7:10
(ವಿಡಿಯೊ)
ಎಲ್ಲರಿಗೂ ಶರಣು. ಶರಣೆ ಆಯ್ದಕ್ಕಿ ಲಕ್ಕಮ್ಮನ 'ಈಸಕ್ಕಿಯಾಸೆ ನಿಮಗೇಕೆ' ವಚನವನ್ನು ರಾಕ್ ಸಂಗೀತಕ್ಕೆ ಅಳವಡಿಸಿದ್ದೇವೆ. ಗಿಟಾರ್ ನನ್ನದು. ಡ್ರಮ್ಸ್ ನುಡಿಸುತ್ತಾ ಹಾಡಿರುವುದು ಇವಳು. ಆರು ತಿಂಗಳ ಕೆಲಸ, ದಯವಿಟ್ಟು ಕೊನೆಯವರೆಗೂ ಕೇಳಿ.

ಹೊಳಲ್ಕೆರೆ ಅತ್ತೆ, 7:31
ಕೇಳಿದೆ. ಅವಳ ಕಂಠ ಚೆನ್ನಾಗಿದೆ. ಆದರೆ ಶರಣೆಯ ಮಾತಿಗೆ ಇಷ್ಟು ಅಬ್ಬರ ಏಕಪ್ಪಾ? ಮನೆಯ ಸೊಸೆ ಡ್ರಮ್ಸ್ ಬಾರಿಸುವುದನ್ನು ನೆಂಟರಿಗೆಲ್ಲ ತೋರಿಸಬೇಕೇ?

ಚಿತ್ರದುರ್ಗ ದೊಡ್ಡಪ್ಪ, 7:48
ನಲವತ್ತು ವರ್ಷ ಭಜನೆಯಲ್ಲಿ ಹಾರ್ಮೋನಿಯಂ ನುಡಿಸಿದವನು ನಾನು. ನೋವಿನಿಂದಲೇ ಬರೆಯುತ್ತಿದ್ದೇನೆ. ವಚನಕ್ಕೆ ಮಾತೇ ಪ್ರಾಣ. ಮಲ್ಲಿಕಾರ್ಜುನ ಮನ್ಸೂರರು ವಚನ ಹಾಡಿದರೆ ಸ್ವರದ ಜೊತೆಗೆ ಅರ್ಥವೂ ಬಂದು ಎದೆಗೆ ತಾಗುತ್ತಿತ್ತು. ಇಲ್ಲಿ ನನಗೆ ಕೇಳಿಸಿದ್ದು ಸದ್ದು ಮಾತ್ರ. ಈ ವಾದ್ಯಗಳು ನಮ್ಮ ಭಕ್ತಿಯವಲ್ಲ.

ದಾವಣಗೆರೆ ಚಿಕ್ಕಪ್ಪ, 7:55
ಅಣ್ಣಾ, 1913ರಲ್ಲಿ ಹರ್ಡೇಕರ್ ಮಂಜಪ್ಪನವರು ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆರಂಭಿಸಿದ್ದು ನಮ್ಮ ದಾವಣಗೆರೆಯಲ್ಲಿ. ಆಗಲೂ ಹೊಸದು ಎಂದು ಬಿಟ್ಟಿದ್ದರೆ?

ನಾನು, 8:20
ದೊಡ್ಡಪ್ಪ, ನಾನು ವಚನ ಕಲಿತದ್ದೇ ನಿಮ್ಮ ಹಾರ್ಮೋನಿಯಂ ಪಕ್ಕದಲ್ಲಿ ಕುಳಿತು. ಹಾಗಾಗಿ ಈ ಮಾತನ್ನು ನಿಮಗೆ ಹೇಳುವ ಧೈರ್ಯ ಬಂದಿದೆ. ಆ ಪೆಟ್ಟಿಗೆಯೂ ಯುರೋಪಿನಿಂದ ಬಂದದ್ದು. 1940ರಲ್ಲಿ ಆಕಾಶವಾಣಿ ಅದನ್ನು ನಿಷೇಧಿಸಿತು, 1971ರವರೆಗೂ ಒಳಗೆ ಬಿಡಲಿಲ್ಲ. ಅದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಲಾಗುವುದಿಲ್ಲ, ನಮ್ಮ ಸಂಗೀತಕ್ಕೆ ಅದು ಹೊಂದುವುದಿಲ್ಲ ಎಂಬುದು ಆಗಿನ ದೊಡ್ಡ ಆಕ್ಷೇಪ. ಗಿಟಾರಿನ ತಂತಿಯನ್ನು ಬೆರಳಿನಿಂದ ಎಳೆದರೆ ಆ ಜಾರು ಬರುತ್ತದೆ. ತಮ್ಮನ ವಿಡಿಯೊದ ಆರಂಭವನ್ನು ಇನ್ನೊಮ್ಮೆ ಕೇಳಿ, ಅಲ್ಲಿ ಅದಿದೆ.

ಅತ್ತೆ, ಮೆಕ್ಸಿಕೊದಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳಗಿದ ಗಿಟಾರ್ ವಾದಕ ಕಾರ್ಲೋಸ್ ಸಂಟಾನಾ ಒಂದು ಕಾಲದಲ್ಲಿ ಶ್ರೀ ಚಿನ್ಮಯರ ಶಿಷ್ಯರಾಗಿದ್ದರು. ಗುರುಗಳು ಅವರಿಗೆ ದೇವದೀಪ ಎಂಬ ಹೆಸರಿಟ್ಟಿದ್ದರು. 2010ರಲ್ಲಿ ಅವರು ಮದುವೆಯಾದ ಸಿಂಡಿ ಬ್ಲ್ಯಾಕ್‌ಮನ್ ಡ್ರಮ್ಸ್ ವಾದಕಿ. ಗಂಡನ ವಾದ್ಯವೃಂದದಲ್ಲಿ ತಾಳ ಹಿಡಿಯುವವರು ಹೆಂಡತಿ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನಿದೆ?

ಅಬ್ಬರದ ಪ್ರಶ್ನೆಗೂ ಬರುತ್ತೇನೆ. ಲಕ್ಕಮ್ಮ ಯಾವ ಹೊತ್ತಿನಲ್ಲಿ ಮಾತಾಡಿದಳು? ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಇಷ್ಟು ಅಕ್ಕಿಯ ಆಸೆ ನಿಮಗೇಕೆ ಎಂದು ಹೆಂಡತಿ ತಡೆದು, ಹೆಚ್ಚಾದದ್ದನ್ನು ವಾಪಸು ಕಳುಹಿಸಿದಳು. ಅದು ಬಡವರ ಮನೆಯ ಅಡುಗೆಕೋಣೆಯಲ್ಲಿ ಗಂಡನೆದುರು ನಿಂತು ಆಡಿದ ಮಾತು. ನಾವು ಅದನ್ನು ಜೋಗುಳದಂತೆ ಹಾಡಿ ಹಾಡಿ ಅದರ ಬಿಸಿಯನ್ನು ಆರಿಸಿದ್ದೇವೆ. ತಮ್ಮನ ಹೆಂಡತಿ ಡ್ರಮ್ಸ್ ಮೇಲೆ ಕೋಲು ಬೀಸಿದಾಗ ನನಗೆ ಮೊದಲ ಬಾರಿ ಲಕ್ಕಮ್ಮನಿಗೆ ಸಿಟ್ಟು ಬಂದಿತ್ತು ಎಂದು ಹೊಳೆಯಿತು.

ವಿದ್ಯಾನಗರದಲ್ಲಿ ಅವರ ಮಹಡಿ ಕೋಣೆಗೆ ಹೋಗಿದ್ದೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಅಜ್ಜಿಯ ಕೌದಿಗಳನ್ನು ಕಟ್ಟಿದ್ದಾರೆ. ತಮ್ಮ ಗಿಟಾರನ್ನು ಎರಡು ನಿಮಿಷ ಒಬ್ಬನೇ ನುಡಿಸುತ್ತಾ ಮೈಮರೆತಿದ್ದ. ಅವಳು ಕೋಲನ್ನು ಎತ್ತಿ ಹಿಡಿದು, "ಇಷ್ಟು ಬೇಡ, ವಚನಕ್ಕೆ ಬೇಕಾದಷ್ಟು ಸಾಕು" ಎಂದಳು. ಅವನು ಮರುಮಾತಿಲ್ಲದೆ ಹದಿನಾರು ಎಣಿಕೆಗೆ ಇಳಿಸಿದ. ಹೆಚ್ಚಿನ ಅಕ್ಕಿ ವಾಪಸು ಹೋದದ್ದನ್ನು ನಾನು ಕಣ್ಣಾರೆ ಕಂಡೆ, ದೊಡ್ಡಪ್ಪ.

ಹೊಳಲ್ಕೆರೆ ಅತ್ತೆ, 8:41
ಅವಳು ಹಾಗೆಂದಳೇ? ಸರಿ, ಮತ್ತೊಮ್ಮೆ ಕೇಳುತ್ತೇನೆ.

ಚಿತ್ರದುರ್ಗ ದೊಡ್ಡಪ್ಪ, 9:15
ಮಗಳೇ, ಹಾರ್ಮೋನಿಯಂ ಬಗ್ಗೆ ನೀನು ಹೇಳಿದ್ದು ನಿಜ. ನಾನೂ ಮೂರು ಸಲ ಕೇಳಿದೆ, ಮುದ್ರಿತ ವಚನವನ್ನು ಎದುರಿಗಿಟ್ಟುಕೊಂಡು. ಈಗ ಎರಡು ತಪ್ಪು ಹೇಳುತ್ತೇನೆ.

ಒಂದು, 'ಈಸಕ್ಕಿ' ಎನ್ನುವಾಗಲೇ ಡ್ರಮ್ಸಿನ ಲೋಹದ ತಟ್ಟೆ ಸಿಂಬಲನ್ನು ಹೊಡೆಯುತ್ತಾಳೆ. ಅದರ ಝಲ್ಲೆನ್ನುವ ಸದ್ದು 'ಸ'ಕಾರವನ್ನು ನುಂಗುತ್ತದೆ. ಇಡೀ ವಚನ ನಿಂತಿರುವುದೇ ಆ ಪದದ ಮೇಲೆ.

ಎರಡನೆಯದು ಹೆಚ್ಚು ದೊಡ್ಡದು. ವಚನದ ಕೊನೆಯಲ್ಲಿ ಬರೆದವರ ಗುರುತಾಗಿ ಬರುವ ದೇವರ ಹೆಸರು, ಆ ಅಂಕಿತ ಎಲ್ಲಿ? ಅದೇ ಸಾಲನ್ನು ಪಲ್ಲವಿಯಂತೆ ತಿರುತಿರುಗಿಸಿ ಗಿಟಾರಿನಲ್ಲಿ ಮುಗಿಸಿದ್ದೀರಿ. ವಚನಕ್ಕೆ ಪಲ್ಲವಿ ಇಲ್ಲ, ಅಂಕಿತವಿದೆ. ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ' ಎಂದು ಆರಂಭವಾಗುತ್ತದೆ. ಈಗಷ್ಟೇ ತಾನು ಗದರಿದ ಗಂಡನ ಹೆಸರನ್ನು ಅವಳು ತನ್ನ ದೇವರ ಹೆಸರಿಗೆ ಜೋಡಿಸಿದ್ದಾಳೆ. ಮೋಳಿಗೆ ಮಹಾದೇವಿಯೂ ಹಾಗೆಯೇ, ಗಂಡನ ಅಂಕಿತವಾದ 'ನಿಃಕಳಂಕ ಮಲ್ಲಿಕಾರ್ಜುನ'ನ ಮುಂದೆ 'ಎನ್ನಯ್ಯಪ್ರಿಯ ಇಮ್ಮಡಿ' ಎಂದು ಸೇರಿಸಿದವಳು. ಗಂಡಹೆಂಡಿರು ಕೂಡಿ ಹಾಡುವಾಗ ಬಿಡಬಾರದ ಮಾತೇ ಅದು. ನೀನು ಸಿಟ್ಟನ್ನು ಕೇಳಿಸಿಕೊಂಡೆ. ಸಿಟ್ಟು ಎಲ್ಲಿ ಇಳಿಯಿತು ಎಂಬುದನ್ನು ಇವರು ಕೇಳಿಸಲೇ ಇಲ್ಲ.

ನಾನು, 9:22
ಇದಕ್ಕೆ ನನ್ನಲ್ಲಿ ಉತ್ತರವಿಲ್ಲ ದೊಡ್ಡಪ್ಪ. ಕೋಣೆಯಲ್ಲಿ ಎರಡು ಗಂಟೆ ಕುಳಿತಿದ್ದೆ, ನನಗೂ ಇದು ಕಾಣಲಿಲ್ಲ.

ತಮ್ಮನ ಹೆಂಡತಿ, 9:40
ದೊಡ್ಡಮಾವನವರೇ, ಅಂಕಿತ ಬಿಟ್ಟದ್ದು ನಾನು, ಇವರಲ್ಲ. ಗಂಡನ ಹೆಸರಿನಲ್ಲಿ ಮುಗಿಸಿದರೆ ಕೇಳುವವರು ನನ್ನನ್ನು ಇವರ ನೆರಳೆಂದು ತಿಳಿಯುತ್ತಾರೆ ಎಂದು ಅಳುಕಿದೆ. ಲಕ್ಕಮ್ಮ ಗದರಿಸಿದ ಮೇಲೂ ಆ ಹೆಸರನ್ನು ತಾನಾಗಿಯೇ ಹಿಡಿದಳು ಎಂದು ನಾನು ಯೋಚಿಸಿರಲಿಲ್ಲ. ಮತ್ತೆ ಹಾಡುತ್ತೇನೆ. ಅಂಕಿತದ ಹೊತ್ತಿಗೆ ಡ್ರಮ್ಸ್ ನಿಲ್ಲಿಸುತ್ತೇನೆ, ಇವರು ಒಂದೇ ತಂತಿಯಲ್ಲಿ ಶ್ರುತಿ ಹಿಡಿಯಲಿ. 'ಈಸಕ್ಕಿ'ಯ ಮೇಲೆ ಸಿಂಬಲ್ ಇರುವುದಿಲ್ಲ.

ಹೊಳಲ್ಕೆರೆ ಅತ್ತೆ, 9:44
ಕೌದಿ ಹರಿಯದಂತೆ ನೋಡಿಕೊಳ್ಳಮ್ಮ.

ಚಿತ್ರದುರ್ಗ ದೊಡ್ಡಪ್ಪ, 9:52
ಗಿಟಾರ್ ಇನ್ನೂ ನನ್ನ ಕಿವಿಗೆ ಹೊಂದಿಲ್ಲ, ಸುಳ್ಳು ಹೇಳಲಾರೆ. ಆದರೆ ಆ ಒಂದೇ ತಂತಿಯ ಶ್ರುತಿ ಯಾವುದು ಎಂದು ಮೊದಲೇ ತಿಳಿಸಿ. ನೀವು ಹಾಡಿ ಕಳುಹಿಸುವ ಮುಂಚೆ ನನ್ನ ಪೆಟ್ಟಿಗೆಯಲ್ಲಿ ಅಂಕಿತವನ್ನು ಅದೇ ಶ್ರುತಿಯಲ್ಲಿ ಹಾಡಿ ನೋಡುತ್ತೇನೆ.