ಕಳ್ಳನ ಮನೆಗೆ ಹಾರಿ ಬರುವ ಸುರುಳಿ: ಜೆಕರ್ಯ 5ನೇ ಅಧ್ಯಾಯದ ಬಗ್ಗೆ ಒಂದು ಪ್ರಶ್ನೆ

ಸುಮಾ_ಓದು:

ಹಳೆಯ ಒಡಂಬಡಿಕೆಯ ಪ್ರವಾದಿಗಳನ್ನು ಒಬ್ಬೊಬ್ಬರಾಗಿ ಓದುತ್ತಾ ಬಂದಿದ್ದೇನೆ. ಆಮೋಸ ಏನು ಹೇಳುತ್ತಾನೆ ಅಂತ ಗೊತ್ತಾಗುತ್ತದೆ. ಯೆರೆಮೀಯನ ಸಂಕಟವೂ ಗೊತ್ತಾಗುತ್ತದೆ. ಜೆಕರ್ಯನ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ.

5ನೇ ಅಧ್ಯಾಯದಲ್ಲಿ ಬಿಚ್ಚಿದ ಸುರುಳಿಯೊಂದು ಆಕಾಶದಲ್ಲಿ ಹಾರುತ್ತಿದೆ. 20 ಮೊಳ ಉದ್ದ, 10 ಮೊಳ ಅಗಲ. ಇದು ದೇಶದ ಮೇಲೆಲ್ಲ ಹೊರಟ ಶಾಪ ಅಂತ ದೂತ ಹೇಳುತ್ತಾನೆ. ಕದ್ದವನ ಮನೆಗೂ, ದೇವರ ಹೆಸರೆತ್ತಿ ಸುಳ್ಳಾಣೆ ಇಟ್ಟವನ ಮನೆಗೂ ಅದು ನುಗ್ಗುತ್ತದೆ. ಒಳಗೇ ತಂಗಿ, ಮರ ಕಲ್ಲುಗಳ ಸಮೇತ ಮನೆಯನ್ನು ನಾಶ ಮಾಡುತ್ತದೆ.

ಇಷ್ಟೊಂದು ಕೋಪ ಯಾಕೆ? ಮೋಶೆಯ ಕಾನೂನಿನಲ್ಲಿ ಕಳ್ಳನಿಗೆ ಇರುವುದು ದಂಡ. ಕದ್ದ ಕುರಿಯನ್ನು ಕೊಯ್ದಿದ್ದರೆ ಅಥವಾ ಮಾರಿದ್ದರೆ ಒಂದಕ್ಕೆ ನಾಲ್ಕು ಕೊಡಬೇಕು, ಎತ್ತಾದರೆ ಐದು. ಮನೆ ಕೆಡವುವ ಮಾತೇ ಇಲ್ಲ. ಕೊಲೆ, ಬಡವರ ಶೋಷಣೆ ಎಲ್ಲ ಬಿಟ್ಟು ಈ ಎರಡೇ ತಪ್ಪು ಯಾಕೆ ಅನ್ನುವುದೂ ತಿಳಿಯಲಿಲ್ಲ. ಅದರ ಹಿಂದೆಯೇ ಬುಟ್ಟಿಯೊಳಗೆ ಕೂತ ಹೆಂಗಸಿನ ದರ್ಶನ ಬೇರೆ. ಎರಡಕ್ಕೂ ಏನಾದರೂ ಸಂಬಂಧ ಇದೆಯಾ?

ಹಳೇ ಬೆಂಚ್ ಕ್ಲರ್ಕ್:

ಸುಮಾ ಅವರೇ, ನಾನು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು. ಕಟಕಟೆ ಹತ್ತಿದವರಿಗೆ ಪ್ರಮಾಣ ಹೇಳಿಸುವುದು ನನ್ನ ಕೆಲಸದಲ್ಲೇ ಸೇರಿತ್ತು. ಹಾಗಾಗಿ ಈ ದರ್ಶನದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಆಣೆಯ ಮೇಲೆ. ಕಳ್ಳ ಬೇರೆ, ಸುಳ್ಳಾಣೆಯವನು ಬೇರೆ ಅಂದುಕೊಂಡು ಓದಿದರೆ ಇದು ಬಿಡಿಸಲಾಗದ ಗಂಟು. ಎಷ್ಟೋ ಸಲ ಇಬ್ಬರೂ ಒಬ್ಬನೇ.

ನೀವು ಹೇಳಿದ ದಂಡ ಸಿಕ್ಕಿಬಿದ್ದ ಕಳ್ಳನಿಗೆ. ಅದೇ ವಿಮೋಚನಕಾಂಡ 22ರಲ್ಲಿ ಸ್ವಲ್ಪ ಕೆಳಗೆ ಬನ್ನಿ. ಒಬ್ಬ ತನ್ನ ಕತ್ತೆಯನ್ನೋ ಕುರಿಯನ್ನೋ ನೋಡಿಕೊಳ್ಳಲು ಪಕ್ಕದವನ ಹತ್ತಿರ ಬಿಟ್ಟು ಹೋಗಿದ್ದಾನೆ. ಅದು ಸತ್ತಿತು, ಇಲ್ಲವೇ ಯಾರೋ ಹೊಡೆದುಕೊಂಡು ಹೋದರು. ನೋಡಿದವರು ಯಾರೂ ಇಲ್ಲ. ಆಗ ಇಟ್ಟುಕೊಂಡವನು ಯೆಹೋವನ ಹೆಸರಿನಲ್ಲಿ ‘ನಾನು ಕೈ ಹಾಕಿಲ್ಲ’ ಅಂತ ಆಣೆ ಇಡಬೇಕು. ಮಾಲೀಕ ಅದನ್ನು ಒಪ್ಪಿಕೊಳ್ಳಬೇಕು. ಪರಿಹಾರ ಇಲ್ಲ. ಅಲ್ಲಿಗೆ ದಾವೆ ಮುಗಿಯಿತು.

ಈಗ ಆ ಕುರಿಯನ್ನು ತಾನೇ ತಿಂದು ಆಣೆ ಇಟ್ಟವನ ಕಥೆ ಏನು? ಊರ ಬಾಗಿಲಲ್ಲಿ ಕೂತ ಹಿರಿಯರು ಇನ್ನೇನೂ ಮಾಡುವ ಹಾಗಿಲ್ಲ. ಕಾನೂನೇ ಅವನನ್ನು ಮನೆಗೆ ಕಳಿಸಿದೆ. ಸುರುಳಿ ಹೋಗುವುದು ಸರಿಯಾಗಿ ಅವನ ಮನೆಗೇ. ಯಾವ ಹೆಸರನ್ನು ಸಾಕ್ಷಿಗೆ ಕರೆದನೋ ಆ ಸಾಕ್ಷಿ ಬಂದು ಅವನ ಮನೆಯಲ್ಲೇ ತಂಗಿದೆ. ಕೊಲೆಗಾದರೆ ಹೆಣ ಸಿಗುತ್ತದೆ, ದೊಡ್ಡವರು ಬಡವರನ್ನು ಹಿಂಡಿದರೆ ಇಡೀ ಊರೇ ನೋಡುತ್ತದೆ. ಸುಳ್ಳಾಣೆಗೆ ಗುರುತೇ ಇರುವುದಿಲ್ಲ. ಪ್ರಮಾಣ ಮಾಡಿ ಆರಾಮಾಗಿ ಮೆಟ್ಟಿಲಿಳಿದು ಹೋದವರನ್ನು ನಾನೂ ಸಾಕಷ್ಟು ನೋಡಿದ್ದೇನೆ. ಅವರ ಮುಖ ನೋಡಿ ಏನೂ ಹೇಳಲು ಆಗುವುದಿಲ್ಲ.

ಮರ, ಕಲ್ಲು ಅನ್ನುವುದೂ ಸುಮ್ನೆ ಬಂದ ಮಾತಲ್ಲ. ಯಾಜಕಕಾಂಡ 14ರಲ್ಲಿ ಗೋಡೆಗೆ ಕುಷ್ಠದಂಥ ಬೂಷ್ಟು ಹತ್ತಿದ ಮನೆಯ ವಿಚಾರ ಇದೆ. ಮೊದಲು ಕೆಟ್ಟ ಕಲ್ಲುಗಳನ್ನು ಕಿತ್ತು, ಗೋಡೆ ಕೆರೆದು, ಹೊಸ ಗಾರೆ ಬಳಿಯಬೇಕು. ಮತ್ತೆ ಹರಡಿತು ಅಂದರೆ ಕಲ್ಲು, ಮರ, ಗಾರೆ ಎಲ್ಲವನ್ನೂ ಕೆಡವಿ ಊರಾಚೆ ಹಾಕಬೇಕು. ಜೆಕರ್ಯ ಯಾಜಕರ ಮನೆತನದವನು. ಈ ನಿಯಮ ಅವನಿಗೆ ಬಾಯಿಪಾಠ ಇದ್ದಿರಬೇಕು.

ಕಾಲವನ್ನೂ ನೋಡಿ. ಈ ದರ್ಶನಗಳು ಪರ್ಷಿಯದ ರಾಜ ದಾರ್ಯಾವೆಷನ ಎರಡನೇ ವರ್ಷ, ಅಂದರೆ ಕ್ರಿ.ಪೂ. 519ರವು. ಬಾಬಿಲೋನಿನವರು ದೇವಾಲಯ ಸುಟ್ಟಿದ್ದು ಕ್ರಿ.ಪೂ. 586ರಲ್ಲಿ. ಸೆರೆ ಹೋದವರ ಮಕ್ಕಳು, ಮೊಮ್ಮಕ್ಕಳು ಈಗ ವಾಪಸು ಬಂದಿದ್ದಾರೆ. ರಾಜ ಇಲ್ಲ, ಪರ್ಷಿಯನ್ನರ ಕೆಳಗೆ ಒಬ್ಬ ದೇಶಾಧಿಪತಿ ಇದ್ದಾನೆ. ‘ಈ ಹೊಲ ನಮ್ಮಜ್ಜನದು’ ಅಂತ ಆಣೆ ಇಟ್ಟವರು ಎಷ್ಟು ಜನ ಇದ್ದಿರಬಹುದು, ಯೋಚಿಸಿ. ಇದು ನನ್ನ ಊಹೆ, ಗ್ರಂಥದಲ್ಲಿ ಹೀಗೆ ಬರೆದಿಲ್ಲ. ಆದರೆ ನಾನು ಕಂಡ ಸುಳ್ಳು ಪ್ರಮಾಣಗಳಲ್ಲಿ ಜಾಸ್ತಿ ಜಮೀನಿನವೇ.

ಮೃತಸಮುದ್ರದ ಹುಡುಗ:

ಅಳತೆ ಬಗ್ಗೆ ಎರಡು ಮಾತು. 20 ಮೊಳ ಅಂದರೆ ಸುಮಾರು 9 ಮೀಟರ್. ಉದ್ದ ಮಾತ್ರ ನೋಡಿದರೆ ಇದು ನಂಬುವಂಥದ್ದೇ. ಮೃತಸಮುದ್ರದ ಹತ್ತಿರದ ಕುಮ್ರಾನ್ ಗುಹೆಯಲ್ಲಿ ಸಿಕ್ಕ ದೊಡ್ಡ ಯೆಶಾಯ ಸುರುಳಿ 7 ಮೀಟರಿಗಿಂತ ಉದ್ದ ಇದೆ. ಆದರೆ ಅದರ ಅಗಲ ಒಂದು ಅಡಿಯೂ ಇಲ್ಲ. ಜೆಕರ್ಯನದು ನಾಲ್ಕೂವರೆ ಮೀಟರ್! ಯಾರೂ ಕೈಯಲ್ಲಿ ಹಿಡಿದು ಓದುವ ಸುರುಳಿ ಅಲ್ಲ ಅದು. ಸೊಲೊಮೋನನ ದೇವಾಲಯದ ಮುಂದಿನ ಮಂಟಪದ ಅಳತೆಯೂ 20ಕ್ಕೆ 10 ಮೊಳವೇ, 1 ಅರಸುಗಳು 6ರಲ್ಲಿದೆ. ಬೇಕೆಂದೇ ಹೊಂದಿಸಿದ್ದೋ ಇಲ್ಲವೋ, ಕೇಳಿದವರಿಗೆ ದೇವಾಲಯ ನೆನಪಾಗದೆ ಇರುತ್ತಾ?

ಲೆಕ್ಕದ ಮೇಷ್ಟ್ರು:

ಬುಟ್ಟಿಯ ವಿಚಾರಕ್ಕೆ ಬರುತ್ತೇನೆ. ಅದು ಏಫಾ, ಧಾನ್ಯ ಅಳೆಯುವ ಪಾತ್ರೆ. ಸಾಮಾನ್ಯವಾಗಿ ಅದರಲ್ಲಿ ಮನುಷ್ಯರು ಹಿಡಿಸುವುದಿಲ್ಲ, ಇಲ್ಲಿ ಕನಸಿನ ಲೆಕ್ಕ. ಆಮೋಸನನ್ನು ಓದಿದ್ದೀರಲ್ಲ, 8ನೇ ಅಧ್ಯಾಯದಲ್ಲಿ ಸಬ್ಬತ್ (ವಾರದ ವಿಶ್ರಾಂತಿ ದಿನ) ಯಾವಾಗ ಮುಗಿಯುತ್ತದೋ ಅಂತ ಕಾಯುವ ವ್ಯಾಪಾರಿಗಳು ನೆನಪಿದ್ದಾರಾ? ಏಫಾವನ್ನು ಚಿಕ್ಕದು ಮಾಡಿ, ಬೆಲೆಯ ಬೆಳ್ಳಿ ತೂಗುವ ಶೆಕೆಲ್ ತೂಕವನ್ನು ದೊಡ್ಡದು ಮಾಡುವವರು. ಕೊಳ್ಳುವವನಿಗೆ ಕಾಣದ ಹಾಗೆ ಕದಿಯುವುದು ಅಂದರೆ ಇದೇ. ಕ್ಲರ್ಕ್ ಸರ್ ಹೇಳಿದ್ದಕ್ಕೂ ಇದಕ್ಕೂ ನಂಟು ಇದೆ. ಆ ಅಳತೆಯೊಳಗೇ ‘ದುಷ್ಟತನ’ ಕೂತಿದೆ. ದೂತ ಅದನ್ನು ಒಳಕ್ಕೆ ತಳ್ಳಿ ಸೀಸದ ಮುಚ್ಚಳ ಹಾಕುತ್ತಾನೆ. ಕೊಕ್ಕರೆಯಂಥ ರೆಕ್ಕೆಯ ಇಬ್ಬರು ಹೆಂಗಸರು ಅದನ್ನು ಶಿನಾರಿಗೆ, ಅಂದರೆ ಬಾಬಿಲೋನಿನ ಸೀಮೆಗೆ ಹೊತ್ತೊಯ್ಯುತ್ತಾರೆ. ಅಲ್ಲಿ ಅದಕ್ಕೊಂದು ಮನೆ ಕಟ್ಟಿ ಪೀಠದ ಮೇಲೆ ಇಡುತ್ತಾರಂತೆ. ಇತ್ತ ಯೆರೂಸಲೇಮಿನಲ್ಲಿ ದೇವಾಲಯ ಅರ್ಧ ಕಟ್ಟಿ ನಿಂತಿದೆ, ಅತ್ತ ದುಷ್ಟತನಕ್ಕೆ ಗುಡಿ! ಜೆಕರ್ಯನಿಗೆ ಕುಹಕವೂ ಗೊತ್ತಿತ್ತು.

ಸುಮಾ_ಓದು:

ತುಂಬಾ ಥ್ಯಾಂಕ್ಸ್. ಆಣೆಯ ಮಾತು ಮನಸ್ಸಿಗೆ ಹಿಡಿಸಿತು. ಆದರೆ ಒಂದು ಮುಳ್ಳು ಹಾಗೇ ಉಳಿದಿದೆ, ಕ್ಲರ್ಕ್ ಸರ್. ಆ ಮನೆಯಲ್ಲಿ ಅವನೊಬ್ಬನೇ ಇರುವುದಿಲ್ಲ ಅಲ್ವಾ? ಹೆಂಡತಿ, ಮಕ್ಕಳು, ವಯಸ್ಸಾದ ತಾಯಿ? ಗಂಡ ಸುಳ್ಳಾಣೆ ಇಟ್ಟಿದ್ದು ಅವಳಿಗೆ ಗೊತ್ತೇ ಇರಲಿಕ್ಕಿಲ್ಲ. ಇದು ಯಾವ ನ್ಯಾಯ?

ಹಳೇ ಬೆಂಚ್ ಕ್ಲರ್ಕ್:

ನೀವು ಕೇಳಿದ್ದು ಸರಿ. ಜೆಕರ್ಯನಿಗಿಂತ ಎರಡು ಮೂರು ತಲೆಮಾರು ಹಿಂದೆಯೇ ಈ ಜಗಳ ಶುರುವಾಗಿತ್ತು. ಅದಕ್ಕೂ ಬಹಳ ಹಿಂದಿನ ಕಥೆಯಲ್ಲಿ, ಯೆಹೋಶುವ 7ರಲ್ಲಿ, ಆಕಾನ ಅನ್ನುವವನು ಕದ್ದು ಗುಡಾರದಡಿ ಹೂತಿಟ್ಟಾಗ ಅವನ ಗಂಡುಮಕ್ಕಳು, ಹೆಣ್ಣುಮಕ್ಕಳು, ದನ, ಗುಡಾರ ಎಲ್ಲವನ್ನೂ ಒಂದೊಂದಾಗಿ ಹೆಸರಿಸಿ ಅವನ ಜೊತೆಗೇ ಶಿಕ್ಷೆಗೆ ಆಕೋರ್ ಕಣಿವೆಗೆ ಒಯ್ದರು. ಪ್ರವಾದಿ ಯೆಹೆಜ್ಕೇಲ ತನ್ನ ಗ್ರಂಥದ 18ನೇ ಅಧ್ಯಾಯದಲ್ಲಿ ಅದನ್ನು ನೇರವಾಗಿ ತಳ್ಳಿಹಾಕುತ್ತಾನೆ: ಪಾಪ ಮಾಡಿದವನೇ ಸಾಯಬೇಕು, ಅಪ್ಪನ ತಪ್ಪನ್ನು ಮಗ ಹೊರುವುದಿಲ್ಲ. 9ನೇ ಅಧ್ಯಾಯದ ದರ್ಶನದಲ್ಲಂತೂ ನಾರುಬಟ್ಟೆ ತೊಟ್ಟವನೊಬ್ಬ ಊರೆಲ್ಲ ತಿರುಗಿ, ನಡೆಯುತ್ತಿರುವ ಅನ್ಯಾಯಕ್ಕೆ ನರಳುವವರ ಹಣೆಗೆ ಗುರುತು ಹಾಕುತ್ತಾನೆ. ಗುರುತು ಇದ್ದವರನ್ನು ಮುಟ್ಟಬೇಡಿ ಅಂತ ಅಪ್ಪಣೆ. ಆದರೆ ಅದೇ ಅಪ್ಪಣೆಯಲ್ಲಿ ಮಿಕ್ಕವರನ್ನು ಮಕ್ಕಳು ಅಂತಲೂ ನೋಡದೆ ಕೊಲ್ಲಿ ಅಂತ ಇದೆ. ಯೆಹೆಜ್ಕೇಲನೇ ಬೋರಲು ಬಿದ್ದು, ಉಳಿದವರನ್ನೆಲ್ಲ ನಾಶ ಮಾಡುತ್ತೀಯಾ ಅಂತ ಕೂಗುತ್ತಾನೆ. ನಿಮ್ಮ ಮುಳ್ಳು ಅವನಿಗೂ ಚುಚ್ಚಿತ್ತು.

ಜೆಕರ್ಯನಲ್ಲಿ ನನಗೆ ಕಂಡಿದ್ದು ಇಷ್ಟು. ಆಕಾನನ ಕಥೆಯಲ್ಲಿ ಇರುವ ಪಟ್ಟಿ ಇಲ್ಲಿಲ್ಲ. ಮರ ಇದೆ, ಕಲ್ಲು ಇದೆ, ಮಕ್ಕಳ ಹೆಸರಿಲ್ಲ. ಇದರಿಂದ ಅವರು ಬದುಕಿದರು ಅಂತ ನಾನು ಹೇಳುವುದಿಲ್ಲ, ಸೂರು ಹೋದರೆ ಅವರಿಗೂ ಹೋದ ಹಾಗೆಯೇ. ಆದರೆ ಯಾಜಕಕಾಂಡ 6ರಲ್ಲಿ ಸುಳ್ಳಾಣೆ ಇಟ್ಟವನಿಗೂ ಒಂದು ದಾರಿ ಬಿಟ್ಟಿದ್ದಾರೆ. ಲಪಟಾಯಿಸಿದ್ದನ್ನು ಪೂರ್ತಿ ವಾಪಸು ಕೊಟ್ಟು, ಮೇಲೆ ಐದನೇ ಒಂದು ಭಾಗ ಸೇರಿಸಿ, ಒಂದು ಟಗರು ತಂದು ಬಲಿ ಅರ್ಪಿಸಿದರೆ ಕ್ಷಮೆ ಉಂಟು. ಸುರುಳಿ ಇನ್ನೂ ಹಾರುತ್ತಲೇ ಇದೆ, ಯಾರ ಮನೆಗೂ ಇಳಿದಿಲ್ಲ. ಜೆಕರ್ಯ ಇದನ್ನು ಹೇಳಿದ್ದು ಬಹುಶಃ ಆ ಟಗರು ಹುಡುಕಲು ಇನ್ನೂ ಹೊತ್ತಿದ್ದವರಿಗೆ.