ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಗಿತ್ತು. ನಾನು ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಬೇಕಾ?

ಕೇಳಿದವರು: ನನಗೀಗ 48. ಅಪ್ಪನಿಗೆ 66ರಲ್ಲಿ ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿನ ಗ್ರಂಥಿ) ಕ್ಯಾನ್ಸರ್ ಆಗಿತ್ತು, ಈಗ ಆರಾಮಾಗಿದ್ದಾರೆ. ಲೈಕೋಪೀನ್ (ಟೊಮೇಟೊದ ಕೆಂಪು ಬಣ್ಣದ ಅಂಶ), ಸೆಲೆನಿಯಂ (ಒಂದು ಖನಿಜ), ವಿಟಮಿನ್ ಇ ಮೂರೂ ಇರುವ ಆ್ಯಂಟಿಆಕ್ಸಿಡೆಂಟ್ (ಜೀವಕೋಶಗಳಿಗೆ ಹಾನಿ ತಡೆಯುತ್ತೆ ಅನ್ನುವ) ಮಾತ್ರೆ ತಗೊಂಡರೆ ನನಗೆ ಬರಲ್ಲ ಅಂತ ಗೆಳೆಯರೊಬ್ಬರು ಹೇಳುತ್ತಿದ್ದಾರೆ. ಯಾರಾದರೂ ತಗೊಂಡಿದ್ದೀರಾ?

ಒಬ್ಬರು: ನಾನು ತಗೊಂಡಿದ್ದೆ ಸರ್. ವಿಟಮಿನ್ ಇ, 400ರದ್ದು, ಎರಡು ವರ್ಷ. ನನ್ನಣ್ಣನಿಗೆ ಈ ಕಾಯಿಲೆ ಬಂದಿದ್ದೇ ನನ್ನ ಹೆದರಿಕೆಗೆ ಕಾರಣ. ಆಮೇಲೆ ಯೂರಾಲಜಿಸ್ಟ್ (ಮೂತ್ರಾಂಗದ ಡಾಕ್ಟರ್) ಹತ್ತಿರ ಹೋದಾಗ ಅವರು ಮೊದಲು ಮಾತ್ರೆ ನಿಲ್ಲಿಸಿದರು. ಅಮೆರಿಕ, ಕೆನಡಾ ಕಡೆ 35,000ಕ್ಕೂ ಹೆಚ್ಚು ಗಂಡಸರ ಮೇಲೆ 'ಸೆಲೆಕ್ಟ್' ಅಂತ ಒಂದು ಪ್ರಯೋಗ ನಡೆದಿತ್ತಂತೆ. 2001ರಲ್ಲಿ ಶುರು. ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ವಿಟಮಿನ್ ಇ, 200 ಮೈಕ್ರೋಗ್ರಾಂ ಸೆಲೆನಿಯಂ ಕೊಟ್ಟು ನೋಡಿದರು. ಉಪಯೋಗ ಕಾಣಲಿಲ್ಲ, 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರಲ್ಲಿ ಮತ್ತೆ ಲೆಕ್ಕ ಹಾಕಿದರೆ, ಬರೀ ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ 17% ಜಾಸ್ತಿ! ದುಡ್ಡು ಕೊಟ್ಟು ನಾನು ಕೊಂಡಿದ್ದು ಇದನ್ನೇ ಅಲ್ವಾ? ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನೊಬ್ಬರು: ನಮ್ಮನೆಯವರಿಗೆ ನಾನು ದಿನಾ ಬೆಳಗ್ಗೆ ಹಸಿ ಟೊಮೇಟೊ ತಿನ್ನಿಸುತ್ತಿದ್ದೆ. ಎದೆಯುರಿ ಬಂದಿದ್ದಷ್ಟೇ ಲಾಭ. ಆಮೇಲೆ ಗೊತ್ತಾಯಿತು, ಲೈಕೋಪೀನ್ ಮೈಗೆ ಚೆನ್ನಾಗಿ ಹತ್ತುವುದು ಬೇಯಿಸಿ, ಸ್ವಲ್ಪ ಎಣ್ಣೆ ಸೇರಿದಾಗ. ಅಂದರೆ ನಮ್ಮ ಟೊಮೇಟೊ ಗೊಜ್ಜು! 1995ರ ಹಾರ್ವರ್ಡ್ ಅಧ್ಯಯನದಲ್ಲೂ ಟೊಮೇಟೊ ಸಾಸ್ ಜಾಸ್ತಿ ತಿನ್ನುವವರಲ್ಲಿ ಈ ಕ್ಯಾನ್ಸರ್ ಕಡಿಮೆ ಕಂಡಿತ್ತು. ಆದರೆ ಅದು ಜನ ಏನು ತಿಂದರು ಅಂತ ಕೇಳಿ ಬರೆದುಕೊಂಡಿದ್ದು. ಟೊಮೇಟೊದಿಂದಲೇ ಕಡಿಮೆ ಆಯಿತು ಅನ್ನೋಕೆ ಆಗಲ್ಲ. ಲೈಕೋಪೀನ್ ಮಾತ್ರೆಯ ಪರವಾಗಿ ನಂಬುವಂಥ ಆಧಾರ ಸಿಗಲಿಲ್ಲ ಅಂತ ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎಯವರೂ 2007ರಲ್ಲಿ ಬರೆದರು. ಗೊಜ್ಜು ರುಚಿಗೆ ಮಾಡಿ, ಔಷಧಿ ಅಂತ ಬೇಡ.

ಮತ್ತೊಬ್ಬರು: ನನ್ನದು ದಾಳಿಂಬೆ ಜ್ಯೂಸ್ ಕಥೆ. ಇದೇ ಕಾಯಿಲೆ ಬರಬಾರದು ಅಂತ ದಿನಾ ದೊಡ್ಡ ಲೋಟ. ಶುಗರ್ ಏರಿತು.

ಮೊದಲು ಉತ್ತರಿಸಿದವರು: ಒಂದು ಮಾತು ಬಿಟ್ಟುಹೋಯಿತು ಸರ್. ಅಪ್ಪನಿಗೆ ಇದ್ದರೆ ಮಗನಿಗೆ ಬರುವ ಸಾಧ್ಯತೆ ಸುಮಾರು ಎರಡು ಪಟ್ಟು. ಹಾಗಾಗಿ ಪಿಎಸ್‌ಎ ರಕ್ತಪರೀಕ್ಷೆ (ಪ್ರಾಸ್ಟೇಟ್ ಗ್ರಂಥಿಯಿಂದ ಬರುವ ಒಂದು ಪ್ರೋಟೀನ್ ಎಷ್ಟಿದೆ ಅಂತ ನೋಡುವುದು) ಬಗ್ಗೆ ಡಾಕ್ಟರ್ ಹತ್ತಿರ ಈಗಲೇ ಮಾತಾಡಿ. ಸುಮ್ನೆ ಲ್ಯಾಬಿಗೆ ಹೋಗಿ ಮಾಡಿಸಿಕೊಂಡು ಗಾಬರಿ ಆಗಬೇಡಿ. ಗ್ರಂಥಿ ಊದಿಕೊಂಡಿದ್ದರೂ, ಸೋಂಕಾಗಿದ್ದರೂ ಆ ಪಿಎಸ್‌ಎ ಮಟ್ಟ ಏರುತ್ತದೆ. ನನಗೆ ಹಾಗೇ ಆಗಿತ್ತು.

ಕೇಳಿದವರು: ಮಾತ್ರೆ ಡಬ್ಬ ಇನ್ನೂ ಒಡೆದಿಲ್ಲ, ಗೆಳೆಯನಿಗೇ ವಾಪಸ್. ಅಪ್ಪನ ಹಳೇ ರಿಪೋರ್ಟ್ ಹುಡುಕುತ್ತಿದ್ದೇನೆ, ಸೋಮವಾರ ಡಾಕ್ಟರಿಗೆ ತೋರಿಸಬೇಕು.