ಬಿ.ಎ. ಓದ್ತಿರೋರು ಸಂಶೋಧನೆ ಮಾಡಾಕ ದಾರಿ ಅದೇನ್ರಿ?

ನಮಸ್ಕಾರ್ರಿ. ರಾಯಚೂರಿನಾಗ ಬಿ.ಎ. ಎರಡನೇ ವರ್ಷ ಓದಾಕತ್ತೀನಿ. ಅಜ್ಜನ ಟ್ರಂಕಿನಾಗ ನಿಜಾಮರ ಕಾಲದ ಹೊಲದ ಕಾಗದ ಸಿಕ್ಕಾವ. ಎಲ್ಲಾ ಉರ್ದು, ಅಂಚಿಗೆ ಮಾತ್ರ ಪೆನ್ಸಿಲ್‌ಲೆ ಕನ್ನಡ. 1948ರ ತನಕ ನಿಜಾಮರ ಆಳ್ವಿಕಿ, 1956ರ ತನಕ ಹೈದರಾಬಾದ್ ರಾಜ್ಯ, ಆಮ್ಯಾಲ ಮೈಸೂರು. ಇಷ್ಟರಾಗ ನಮ್ಮ ಮಂದಿ ತಾವು ಯಾರು, ತಮ್ಮ ಭಾಷಿ ಯಾವುದಂತ ಹೇಳ್ಕೊಂತಿದ್ರು? ಇದರ ಮ್ಯಾಲ ಬರೀಬೇಕಂತ ಆರು ಹಿರಿಯರ ಮಾತು ಮೊಬೈಲ್‌ನಾಗ ಹಿಡದೀನಿ (ಒಬ್ಬಾಕಿ ಆಯಿ ಬರೇ ಮಳಿ ಸುದ್ದೀನೇ ಹೇಳಿದ್ಳು).

ಕಾಲೇಜಿನಾಗ ಕೇಳಿದ್ರ ‘ಎಂ.ಎ. ಆಗ್ಲಿ ನೋಡೋಣಪಾ’ ಅಂತಾರ. ಹಂಪಿ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ವೆಬ್‌ಸೈಟ್ ಎರಡೂ ಜಾಲಾಡಿದೆ. ಡಿಗ್ರಿ ಹುಡುಗರಿಗೆ ಏನದ ಅಂತ ತಿಳೀವಲ್ದು.

ಬಿ.ಎ.ದವರನ್ನ ಇಂಟರ್ನ್‌ಶಿಪ್ಪಿಗೆ ತಗೊಂಡ ಕಡೆ ಯಾರಿಗಾದ್ರೂ ಗೊತ್ತದೇನ್ರಿ? ಸಂಸ್ಥೆಗೆ ಅರ್ಜಿ ಹಾಕ್ಬೇಕೋ, ನೇರ ಪ್ರಾಧ್ಯಾಪಕರಿಗೇ ಬರೀಬೇಕೋ?